ವಿಧೇಯತೆಗೆ ಮನೆಮಾತಿನ ಪದ ಯಾವುದು? ‘ಕೇಳು’ ಸಾಕೇ?

ಎಲ್ಲರಿಗೂ ನಮಸ್ಕಾರ. ನಾನು ಮಂಜೇಶ್ವರದ ಹತ್ತಿರದವಳು. ಮನೆಯಲ್ಲಿ ಕೊಂಕಣಿ, ನೆರೆಯವರ ಜೊತೆ ತುಳು, ಕಚೇರಿಗೆ ಹೋದರೆ ಮಲಯಾಳ, ಓದುವುದು ಬರೆಯುವುದು ಕನ್ನಡ. ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ದೊತೊರ್ನ್, ಅಂದರೆ ಧರ್ಮಪಾಠ, ಹೇಳಿಕೊಡುತ್ತೇನೆ. ಕನ್ನಡ ಶಾಲೆಯ ಮಕ್ಕಳಿಗಾಗಿ ಈಗ ಒಂದು ಪುಟ್ಟ ಪಾಠ ಬರೆಯುತ್ತಿದ್ದೇನೆ. ದೇವರಿಗೆ ಮನಸ್ಸು ಕೊಟ್ಟು, ಆತನ ಮಾತಿನಂತೆ ನಡೆಯುವುದು ಅದರ ವಿಷಯ.

‘ದೇವರಿಗೆ ವಿಧೇಯರಾಗಿರಿ’ ಎಂದು ಓದಿದೆ. ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ವಿಧೇಯ ಅಂದ್ರೆ ಅರ್ಜಿಯ ಕೊನೆಗೆ ಬರೆಯುವುದಲ್ವಾ?” ಎಂದ. ‘ಇಂತಿ ತಮ್ಮ ವಿಧೇಯ’ ಬಿಟ್ಟರೆ ಆ ಮಗು ಈ ಪದವನ್ನು ಬೇರೆಲ್ಲೂ ಕಂಡಿಲ್ಲ. ಯೇಸು ಶಿಲುಬೆಯ ಮರಣದ ತನಕ ವಿಧೇಯನಾದ ಎಂದು ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ ಇದೆ. ಅಂಥ ಮಾತು ಅರ್ಜಿಯ ಸಾಲಿನ ಹಾಗೆ ಕಿವಿಗೆ ಬಿದ್ದರೆ ನನಗೆ ಸಂಕಟವಾಗುತ್ತದೆ. ಮಲಯಾಳದಲ್ಲಂತೂ ‘ವಿಧೇಯನ್’ ಅಂದರೆ ಧಣಿಯ ಅಡಿಯಾಳು ಎಂಬ ಛಾಯೆಯೂ ಇದೆ. ಅಲ್ಲಿನ ಬೈಬಲಿನಲ್ಲಿ ಇದೇ ಜಾಗದಲ್ಲಿ ‘ಅನುಸರಣ’ ಎಂದಿದೆ.

ನಮ್ಮ ಅಜ್ಜಿ ವಿಧೇಯತೆ ಎಂಬ ಪದವನ್ನು ಒಮ್ಮೆಯೂ ಆಡಿದವರಲ್ಲ. “ದೇವರ ಮಾತು ಕೇಳು ಮಗಾ” ಎನ್ನುತ್ತಿದ್ದರು. ಯೋಚಿಸಿದಷ್ಟೂ ಇದೇ ಬೈಬಲಿನ ಮೂಲ ಭಾಷೆಗಳಿಗೆ ಹತ್ತಿರ ಅನಿಸುತ್ತಿದೆ. ಹೀಬ್ರೂವಿನ ‘ಶಾಮಾ’ ಅಂದರೆ ಕಿವಿಯಿಂದ ಕೇಳುವುದೂ ಹೌದು, ಕೇಳಿದ ಹಾಗೆ ನಡೆಯುವುದೂ ಹೌದು. ಗ್ರೀಕಿನ ‘ಹುಪಾಕೂಓ’ ಒಳಗೂ ‘ಅಕೂಓ’, ಅಂದರೆ ಕೇಳು, ಕೂತಿದೆ. ಯಜ್ಞಕ್ಕಿಂತ ಮಾತು ಕೇಳುವುದು ಮೇಲು ಎಂದು ಪ್ರವಾದಿ ಸಮುವೇಲ ಅರಸ ಸೌಲನಿಗೆ ಹೇಳಿದಾಗ ಬಳಸಿದ್ದು ‘ಶಾಮಾ’ದ ರೂಪವನ್ನೇ.

ಕನ್ನಡದಲ್ಲಿ ಒಂದು ಹೆಚ್ಚಿನ ಸೊಗಸಿದೆ. ನಮ್ಮ ‘ಕೇಳು’ವಿನಲ್ಲಿ ಪ್ರಶ್ನೆ ಕೇಳುವುದೂ ಸೇರಿದೆ. ತುಳುವಿನ ‘ಕೇಣ್’ ಕೂಡ ಹೀಗೆ, ಆಲಿಸುವುದಕ್ಕೂ ವಿಚಾರಿಸುವುದಕ್ಕೂ ಅದೇ. ಮಲಯಾಳದಲ್ಲಿ ಪ್ರಶ್ನೆಗೆ ‘ಚೋದಿಕ್ಕು’, ಕೊಂಕಣಿಯಲ್ಲಿ ‘ವಿಚಾರ್’ ಎಂದು ಬೇರೆ ಪದಗಳಿವೆ. ಗಬ್ರಿಯೇಲ ದೂತ ಬಂದಾಗ ಮರಿಯಮ್ಮ ಮೊದಲು ಕೇಳಿದ್ದು, ಇದು ಹೇಗೆ ಆದೀತು ಎಂದು. ಆಮೇಲೆ, ನಿನ್ನ ಮಾತಿನಂತೆ ನನಗಾಗಲಿ ಅಂದಳು. ಗೆತ್ಸೆಮನೆ ತೋಟದಲ್ಲಿ ಯೇಸು ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ತಂದೆಯನ್ನು ಕೇಳಿದ, ಕೊನೆಗೆ ತಂದೆಯ ಮಾತು ಕೇಳಿದ. ಕನ್ನಡದಲ್ಲಿ ಎರಡಕ್ಕೂ ಒಂದೇ ಕ್ರಿಯಾಪದ. ಮಕ್ಕಳಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿತು. ದೇವರನ್ನು ಪ್ರಶ್ನೆ ಕೇಳಬಹುದು ಎಂಬುದೇ ಅವರಿಗೆ ಹೊಸದು.

ಆದರೆ ತೊಡಕೂ ಇದೆ. ‘ಅಪ್ಪನ ಮಾತನ್ನು ಕೇಳಿದೆ’ ಅಂದರೆ ಕಿವಿಗೆ ಬಿತ್ತು ಅಂತಲೂ ಆದೀತು. ‘ಅಪ್ಪನ ಮಾತು ಕೇಳಿದೆ’ ಅಂದರೆ ಹೇಳಿದಂತೆ ಮಾಡಿದೆ ಎಂಬ ಅರ್ಥವೇ ಮೊದಲು ಬರುತ್ತದೆ. ನನ್ನ ಕಿವಿಗೆ ‘ಅನ್ನು’ ಬಿಟ್ಟಾಗ ಅರ್ಥ ಗಟ್ಟಿಯಾಗುತ್ತದೆ. ನಿಮಗೂ ಹಾಗೇ ಕೇಳಿಸುತ್ತದೆಯೇ? ಯಾಕೋಬನ ಪತ್ರದಲ್ಲಿ, ವಾಕ್ಯವನ್ನು ಸುಮ್ನೆ ಕೇಳುವವರಾಗಬೇಡಿ, ಅದರಂತೆ ನಡೆಯಿರಿ ಎಂದಿದೆ. ಅಲ್ಲಿ ಕೇಳುವುದೇ ಬೇರೆ, ನಡೆಯುವುದೇ ಬೇರೆ. ಹಾಗಾಗಿ ಪಾಠದಲ್ಲಿ ಬರೀ ‘ಕೇಳು’ ಎಂದು ಬರೆಯಲು ಧೈರ್ಯ ಸಾಲದು.

ಇನ್ನು ಪಾಠದ ಮೊದಲ ಭಾಗ, ದೇವರಿಗೆ ಮನಸ್ಸು ಕೊಡುವುದು. ಅದಕ್ಕೆ ‘ದೇವರಿಗೆ ತೆರೆದುಕೊಳ್ಳಿ’ ಎನ್ನಬಹುದೇ? ಇದು ನಮ್ಮ ಮಾತಲ್ಲ ಅನಿಸುತ್ತದೆ. ‘ಮನಸ್ಸು ಬಿಚ್ಚಿ’ ಅಂದರೆ ಒಳಗಿನದನ್ನು ಹೊರಗೆ ಹೇಳುವುದು. ನನಗೆ ಬೇಕಾದದ್ದು ಹೊರಗಿನ ಮಾತನ್ನು ಒಳಗೆ ಬಿಟ್ಟುಕೊಳ್ಳುವುದಕ್ಕೆ. ಯೆಶಾಯನ 50ನೇ ಅಧ್ಯಾಯದಲ್ಲಿ, ದೇವರು ನನ್ನ ಕಿವಿ ತೆರೆದ, ನಾನು ಎದುರುಬೀಳಲಿಲ್ಲ ಎಂಬ ಮಾತಿದೆ. ಅದನ್ನು ನೋಡಿ ‘ಕಿವಿಗೊಡಿ’ ಎಂದು ಬರೆದಿದ್ದೇನೆ.

ಈಗ ನನಗೆ ಬೇಕಿರುವುದು ನಾಮಪದ. ‘ಮಾತು ಕೇಳುವಿಕೆ’ ಮಕ್ಕಳ ಬಾಯಲ್ಲಿ ತೊಡರುತ್ತದೆ. ‘ಕೇಳಿಕೆ’ ಅಂದರೆ ಬೇಡಿಕೆ ಅನಿಸುತ್ತದೆ. ತಮಿಳಿನ ‘ಕೇಳ್’ಗೂ ಆಲಿಸು, ವಿಚಾರಿಸು, ಹೇಳಿದಂತೆ ನಡೆ ಎಂಬ ಈ ಮೂರು ಅರ್ಥ ಇರುವುದರಿಂದ ತಮಿಳುನಾಡಿನ ಹೊಸೂರು, ತಾಳವಾಡಿ ಕಡೆಯ ಕನ್ನಡದವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಹೇಳಿದ ಮಾತು ಕೇಳುವ ಮಗುವಿನ ಆ ಗುಣಕ್ಕೆ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ?