ಚಾಣ, ಗಿಡುಗ, ಡೇಗೆ: ಯಾವುದು ಯಾವ ಹಕ್ಕಿಗೆ?

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ನಮ್ಮ ಮನೆ ಇರುವುದು ಲಿಂಗಾಂಬುಧಿ ಕೆರೆಯ ಹತ್ತಿರ. ಬೇಟೆ ಹಕ್ಕಿಗಳಿಗೆ ಇಲ್ಲಿ ಬರವಿಲ್ಲ. ದೊಡ್ಡದಾದರೆ ಹದ್ದು, ತಲೆ ಎದೆ ಬೆಳ್ಳಗಿದ್ದು ಮೈ ಕೆಂಪಗಿದ್ದರೆ ಗರುಡ. ಇಷ್ಟಕ್ಕೆ ಯಾರದೂ ತಕರಾರಿಲ್ಲ. ಚಿಕ್ಕವನ್ನೆಲ್ಲ ಒಟ್ಟಿಗೆ ಗಿಡುಗ ಅಂದುಬಿಡುತ್ತೇವೆ. ನನ್ನ ಪ್ರಶ್ನೆ ಈ ಚಿಕ್ಕವುಗಳದ್ದು.

ಮರದ ಮರೆಯಲ್ಲಿ ಕೂತು ಓತಿಕ್ಯಾತ, ಅಳಿಲು ಹಿಡಿಯುವ ಶಿಕ್ರಾ ಇದೆಯಲ್ಲ, ಬೂದು ಬೆನ್ನಿನದು, ಎದೆಯ ಮೇಲೆ ಸಣ್ಣ ಅಡ್ಡಗೆರೆಗಳಿರುವುದು, ಅದು ಗಿಡುಗವೇ ಸರಿ. ಬಿಜ್ಜು ಅಂತಲೂ ಕರೆಯುತ್ತಾರೆ. ಆದರೆ ಚಳಿಗಾಲಕ್ಕೆ ವಲಸೆ ಬರುವ ಕೆಸ್ಟ್ರೆಲ್? ಬಯಲಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ, ಬಾಲ ಅಗಲಿಸಿ, ತಲೆ ಕೊಂಚವೂ ಅಲುಗದಂತೆ ನೆಲವನ್ನೇ ನೋಡುತ್ತಿರುತ್ತದೆ. ಮಿಡತೆಯೋ ಇಲಿಯೋ ಕಂಡರೆ ಇಳಿಯುತ್ತದೆ. ಹಕ್ಕಿ ನೋಡುವವರ ಪಟ್ಟಿಗಳಲ್ಲಿ ಇದು ಚಾಣ.

ಈ ಭೇದ ಉಳಿಯಲೇಬೇಕು ಅನ್ನುವುದು ನನ್ನ ಆಸೆ. ಚಾಣದ ಕಣ್ಣು ಕಪ್ಪು, ರೆಕ್ಕೆಯ ತುದಿ ಚೂಪು, ಮೇಲ್ಕೊಕ್ಕಿನ ಅಂಚಿನಲ್ಲಿ ಹಲ್ಲಿನಂಥ ಮೊನೆ. ಬೇಟೆಯ ಕತ್ತನ್ನು ಕೊಕ್ಕಿನಿಂದಲೇ ಕಚ್ಚಿ ಮುರಿಯುತ್ತದೆ. ಗಿಡುಗದ ರೆಕ್ಕೆ ಮೊಂಡು, ಕಣ್ಣು ಹಳದಿ ಇಲ್ಲವೇ ಕೆಂಪು, ಕೊಲ್ಲುವುದು ಉಗುರಿನ ಹಿಡಿತದಲ್ಲಿ. 2008ರ ವಂಶವಾಹಿ ಅಧ್ಯಯನವಂತೂ ಚಾಣದ ಬಳಗವಾದ ಫಾಲ್ಕನ್‌ಗಳು ಗಿಡುಗಗಳಿಗಿಂತ ಗಿಳಿಗಳಿಗೇ ಹತ್ತಿರದ ನೆಂಟರು ಎಂದು ತೋರಿಸಿತು. ಬೇರೆಯೇ ಕುಲ ಅಂದಮೇಲೆ ಹೆಸರೂ ಬೇರೆ ಬೇಕು, ಅಲ್ವಾ?

ಮಂಡ್ಯ, ನಾಗಮಂಗಲ, ಕೆ.ಆರ್. ಪೇಟೆ ಕಡೆಯವರನ್ನು ಕೇಳುತ್ತೇನೆ. ನಿಮ್ಮ ಮನೆ ಹಿರಿಯರು ಚಾಣ ಅನ್ನುತ್ತಿದ್ದರಾ? ಅನ್ನುತ್ತಿದ್ದರೆ, ಯಾವ ಹಕ್ಕಿಗೆ? ಸುಮ್ನೆ ‘ಗಾಳಿಯಲ್ಲಿ ನಿಲ್ಲುವ ಹಕ್ಕಿ’ ಅಂದರೆ ಸಾಲದು. ಗದ್ದೆ ಬಯಲಿನಲ್ಲಿ ವರ್ಷವಿಡೀ ಇರುವ ಕಪ್ಪು ಹೆಗಲಿನ ಬಿಳಿಹದ್ದೂ ಹಾಗೇ ನಿಲ್ಲುತ್ತದೆ. ಬಣ್ಣ ಹೇಳಿ. ಬೆನ್ನು ಇಟ್ಟಿಗೆ ಬಣ್ಣದ್ದಾದರೆ ಕೆಸ್ಟ್ರೆಲ್.

ಹೀಗೆ ನಿಲ್ಲುವುದಕ್ಕೆ ಒಂದೇ ಕ್ರಿಯಾಪದ ಇದೆಯೇ? ‘ತೇಲು’ ಹದ್ದಿಗೆ ಹೊಂದುತ್ತದೆ, ಇದಕ್ಕಲ್ಲ.

ಇನ್ನು ಡೇಗೆ, ಸಾಳುವ. ಎರಡೂ ಬೇಟೆ ಹಕ್ಕಿಯನ್ನು ಹೇಳುವ ಹಳೆಯ ಪದಗಳು. 1485ರಲ್ಲಿ ವಿಜಯನಗರದ ಪಟ್ಟಕ್ಕೇರಿದ ಸಾಳುವ ನರಸಿಂಹನ ಮನೆತನದ ಹೆಸರಿನಲ್ಲಿರುವುದು ಬೇಟೆಯ ಗಿಡುಗವೇ. ಡೇಗೆಯನ್ನು ಮೇಲಿನಿಂದ ಕಲ್ಲು ಬಿದ್ದಂತೆ ಎರಗುವ ಪೆರಿಗ್ರಿನ್ ಫಾಲ್ಕನ್‌ಗೆ ಮೀಸಲಿಡಬಹುದು ಅನಿಸುತ್ತದೆ. ಆಡುಮಾತಿನಲ್ಲಿ ಡೇಗೆ ಕೇಳಿದವರಿದ್ದರೆ ಊರಿನ ಹೆಸರು ಸಮೇತ ತಿಳಿಸಿ.