ಟೈರ್ ದೊಡ್ಡದಾಯಿತು, ಮೀಟರ್ ಎಷ್ಟು ನಂಬಬಹುದು?

ಪ್ರಶ್ನೆ (ಪಿಕಪ್ ಮಾಲೀಕರು, ಕೋಲಾರ):

ಸರ್ ನಮಸ್ಕಾರ. ನನ್ನದು ಟೊಮೆಟೊ ಸಾಗಿಸುವ ಪಿಕಪ್. ಕಂಪನಿಯಿಂದ ಬಂದ ಟೈರ್ 215/75 ಆರ್15. ಅವು ಚೆನ್ನಾಗಿ ಸವೆದಿದ್ದವು. ತೋಟದ ದಾರಿಯಲ್ಲಿ ಹೌಸಿಂಗ್ (ಹಿಂದಿನ ಆಕ್ಸಲ್ಲಿನ ನಡುವಿನ ಉಬ್ಬಿದ ಭಾಗ) ನೆಲಕ್ಕೆ ತಾಗುತ್ತಿತ್ತು ಅಂತ ನಾಲ್ಕಕ್ಕೂ ಹೊಸ 235/75 ಆರ್15 ಹಾಕಿಸಿದೆ. ಮೊದಲು ವೇಗದ ಮುಳ್ಳು 60ರಲ್ಲಿದ್ದಾಗ ಫೋನಿನ ಜಿಪಿಎಸ್ 57 ತೋರಿಸುತ್ತಿತ್ತು. ಈಗ ಎರಡೂ 60. ಮೀಟರ್ ಸರಿಯಾಯಿತು ಅಂದುಕೊಂಡೆ. ಆದರೆ ಬೆಂಗಳೂರಿನ ಮಂಡಿಗೆ ಹೋದರೆ 68 ಕಿ.ಮೀ. ಏರುತ್ತಿದ್ದ ಮೀಟರ್ ಈಗ 64 ಅನ್ನುತ್ತಿದೆ. ದಾರಿ ಅದೇ. ಬಾಡಿಗೆ ಬರೋದು ಕಿಲೋಮೀಟರ್ ಲೆಕ್ಕದಲ್ಲಿ. ಮೈಲೇಜೂ ಇಳಿದ ಹಾಗಿದೆ. ಮೀಟರ್ ಸರಿಯಾಯಿತೋ, ಕೆಟ್ಟಿತೋ?

ಉತ್ತರ (ಮೀಟರ್ ಮತ್ತು ಆಟೋ ಎಲೆಕ್ಟ್ರಿಕಲ್ ಕೆಲಸದವರು, ತುಮಕೂರು):

ನಮಸ್ಕಾರ. ಮುಳ್ಳು ಮತ್ತು ಕಿಲೋಮೀಟರ್ ಎರಡನ್ನೂ ನೋಡಿ ಬರೆದಿದ್ದೀರಿ, ಬಹಳ ಒಳ್ಳೆಯದಾಯಿತು. ಜನ ಮುಳ್ಳು ಮಾತ್ರ ನೋಡಿ ಸುಮ್ಮನಾಗುತ್ತಾರೆ. ನಷ್ಟ ಆಗೋದು ಕಿಲೋಮೀಟರಿನಲ್ಲಿ.

ನಿಮ್ಮ ಗಾಡಿಗೆ ಟೈರ್ ಎಷ್ಟು ದೊಡ್ಡದು ಅನ್ನೋದು ಗೊತ್ತೇ ಇಲ್ಲ. ಗೇರ್‌ಬಾಕ್ಸಿನಿಂದ ಹೊರಗೆ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಿತು ಅಂತ ಅದು ಎಣಿಸುತ್ತದೆ, ಅಷ್ಟೆ. ಹಳೆಯ ಗಾಡಿಗಳಲ್ಲಿ ಅಲ್ಲಿಂದ ಮೀಟರ್ ಕೇಬಲ್ ಬರುತ್ತದೆ, ಈಗಿನವುಗಳಲ್ಲಿ ಸೆನ್ಸರ್ ಇರುತ್ತದೆ. ಇಷ್ಟು ಸುತ್ತಿಗೆ ಒಂದು ಕಿಲೋಮೀಟರ್ ಅಂತ ಕಂಪನಿಯವರು ತಮ್ಮ ಟೈರಿಗೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಟೈರ್ ದೊಡ್ಡದಾದರೆ ಅದೇ ಒಂದು ಸುತ್ತಿಗೆ ಗಾಡಿ ಜಾಸ್ತಿ ದೂರ ಹೋಗುತ್ತದೆ. ಮೀಟರ್ ಮಾತ್ರ ಹಳೆ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ.

ನಿಮ್ಮ ಲೆಕ್ಕ ನೋಡೋಣ. ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ನೂರಕ್ಕೆ 75, ಅಂದರೆ 161.25 ಮಿ.ಮೀ. ಮೇಲೆ ಕೆಳಗೆ ಎರಡು ಸಲ ಸೇರಿಸಿ, 15 ಇಂಚಿನ ಡಿಸ್ಕಿನ (ಟೈರ್ ಕೂರುವ ರಿಮ್ಮಿನ) 381 ಮಿ.ಮೀ. ಕೂಡಿಸಿದರೆ ಟೈರಿನ ಎತ್ತರ 703.5 ಮಿ.ಮೀ. ಇದೇ ರೀತಿ 235/75 ಆರ್15ಕ್ಕೆ 733.5 ಮಿ.ಮೀ. ಅಂದರೆ ನೂರಕ್ಕೆ 4.3ರಷ್ಟು ದೊಡ್ಡದು.

ಆದರೆ ನೀವು ತೆಗೆದದ್ದು ಸವೆದ ಟೈರ್. ಗುಂಡಿ (ನೆಲಕ್ಕೆ ತಾಗುವ ಅಚ್ಚು) ಆರು ಮಿಲಿಮೀಟರ್ ಸವೆದಿದ್ದರೆ ಎತ್ತರದಲ್ಲಿ 12 ಮಿ.ಮೀ. ಹೋಯಿತು, ಉಳಿದದ್ದು 691.5. ಅಲ್ಲಿಂದ 733.5ಕ್ಕೆ ಹಾರಿದ್ದು ನೂರಕ್ಕೆ ಆರು. ನಿಮ್ಮ 68 ಈಗ 64 ಆಗಿದ್ದು ಹೀಗೆ. ಸವೆದ ಟೈರಿನಲ್ಲಿ ಮೀಟರ್ ಒಂದು ಕಿಲೋಮೀಟರ್ ಜಾಸ್ತಿ ಬರೆಯುತ್ತಿತ್ತು, ಈಗ ಮೂರು ಕಮ್ಮಿ ಬರೆಯುತ್ತಿದೆ. ನಿಜವಾದ ದೂರ 67ರ ಆಸುಪಾಸು.

ಹಾಗಾದರೆ ಮುಳ್ಳು ಹೇಗೆ ಜಿಪಿಎಸ್‌ಗೆ ಸರಿ ಹೊಂದಿತು? ಮುಳ್ಳನ್ನು ಬೇಕೆಂದೇ ಸ್ವಲ್ಪ ಮುಂದಿಟ್ಟಿರುತ್ತಾರೆ. ವಿಶ್ವಸಂಸ್ಥೆಯ ವಾಹನ ನಿಯಮ 39ರ ಪ್ರಕಾರ ಸ್ಪೀಡೋಮೀಟರ್ ನಿಜವಾದ ವೇಗಕ್ಕಿಂತ ಕಮ್ಮಿ ತೋರಿಸುವಂತಿಲ್ಲ. ಜಾಸ್ತಿ ತೋರಿಸಬಹುದು, ಅದೂ ನಿಜ ವೇಗದ ನೂರಕ್ಕೆ ಹತ್ತು ಮತ್ತು ಅದರ ಮೇಲೆ 4 ಕಿ.ಮೀ. ತನಕ. ನಿಜವಾಗಿ 60ರಲ್ಲಿ ಹೋಗುವಾಗ 70ರವರೆಗೆ ತೋರಿಸಿದರೂ ನಿಯಮಕ್ಕೆ ಒಪ್ಪಿಗೆ. 59 ತೋರಿಸಿದರೆ ಇಲ್ಲ. ನಿಮ್ಮ ಮೀಟರಿನಲ್ಲಿ ಹೀಗೆ ಕಾಯ್ದಿಟ್ಟಿದ್ದ ಮೂರು ಕಿಲೋಮೀಟರನ್ನು ಹೊಸ ಟೈರ್ ತಿಂದು ಹಾಕಿದೆ. ಕಿಲೋಮೀಟರ್ ಎಣಿಕೆಗೆ ಆ ಥರ ಅಂಚು ಇಟ್ಟಿರುವುದಿಲ್ಲ. ಅದಕ್ಕೇ ಒಂದು ಸರಿಯಾದ ಹಾಗೆ ಕಾಣುತ್ತಿದೆ, ಇನ್ನೊಂದು ತಪ್ಪಿದೆ.

ಮೈಲೇಜಿಗೂ ಇದೇ ಕಥೆ. ಹೋಗುವಾಗ ಆರು ಲೀಟರ್ ಡೀಸೆಲ್ ಆಗುತ್ತದೆ ಅಂತ ಇಟ್ಟುಕೊಳ್ಳಿ. ಮೊದಲು 68ನ್ನು ಆರರಿಂದ ಭಾಗಿಸಿ 11.3 ಅಂತಿದ್ದಿರಿ, ಈಗ 64ನ್ನು ಭಾಗಿಸಿ 10.7 ಅಂತೀರಿ. ನಿಜವಾದ ದೂರಕ್ಕೆ 11.2 ಬರುತ್ತದೆ. ದೊಡ್ಡ ಟೈರ್ ತೂಕ ಜಾಸ್ತಿ, ಡೀಸೆಲ್ ಸ್ವಲ್ಪ ಕುಡಿಯುತ್ತದೆ, ಅದು ಸುಳ್ಳಲ್ಲ. ಆದರೆ ನಿಮಗೆ ಕಂಡ ಇಳಿತದಲ್ಲಿ ಹೆಚ್ಚಿನ ಪಾಲು ಮೀಟರಿನದೇ.

ಇನ್ನು ನನಗೆ ಚಿಂತೆಯಾದ ಮಾತು. 235/75 ಆರ್15 ಟೈರನ್ನು ಜೀಪು, ಎಸ್‌ಯುವಿಗಳಿಗೂ ಮಾಡುತ್ತಾರೆ. ಟೈರಿನ ಪಕ್ಕದಲ್ಲಿ ಲೋಡ್ ಇಂಡೆಕ್ಸ್ ಓದಿ. 105 ಅಂತ ಇದ್ದರೆ ಒಂದು ಟೈರ್ ಹೊರುವುದು 925 ಕೆ.ಜಿ. ಮಾತ್ರ. ನಿಮ್ಮ ಹಳೆ ಟೈರಿನ ನಂಬರಿಗಿಂತ ಇದು ಕಮ್ಮಿ ಇದ್ದರೆ ಟೊಮೆಟೊ ಲೋಡಿಗೆ ದಯವಿಟ್ಟು ಓಡಿಸಬೇಡಿ. ಮೀಟರ್ ಆಮೇಲೆ ನೋಡೋಣ.

ಮರುಪ್ರಶ್ನೆ (ಅದೇ ಕೋಲಾರದವರು):

ಲೋಡ್ ನಂಬರ್ ನೋಡಿದೆ ಸರ್, ಹಳೆಯದಕ್ಕಿಂತ ಜಾಸ್ತಿಯೇ ಇದೆ. ವೇಗ ಮಿತಿ ದಾಟದಂತೆ ತಡೆಯುವ ಗವರ್ನರ್ ಇದೆಯಲ್ಲ, ಅದಕ್ಕೆ ಏನಾದರೂ ತೊಂದರೆಯಾ? ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟ್) ಹೋಗಬೇಕು.

ಉತ್ತರ:

ಗವರ್ನರ್ ಕೂಡ ಶಾಫ್ಟಿನ ಅದೇ ಸಿಗ್ನಲ್ ನಂಬಿಕೊಂಡಿರುತ್ತದೆ, ಮುಳ್ಳಿಗೆ ಇಟ್ಟ ಅಂಚು ಅದಕ್ಕಿಲ್ಲ. 2015ರ ಅಕ್ಟೋಬರ್ 1ರಿಂದ ತಯಾರಾದ ಸಾಗಾಟದ ಗಾಡಿಗಳಿಗೆ 80 ಕಿ.ಮೀ. ಮಿತಿ. ಟಿಪ್ಪರ್, ಟ್ಯಾಂಕರ್, ಶಾಲಾ ಬಸ್ಸಿಗೆ 60. ನಿಮ್ಮದು 80 ಅಂದುಕೊಂಡು ಕಟ್ ಮಾಡುವಾಗ ಗಾಡಿ ನಿಜವಾಗಿ 83ರಲ್ಲಿ ಇರುತ್ತದೆ. ಹೆದ್ದಾರಿಯ ಕ್ಯಾಮೆರಾ ನಿಮ್ಮ ಮೀಟರ್ ನೋಡುವುದಿಲ್ಲ, ಗಾಡಿಯ ವೇಗ ನೋಡುತ್ತದೆ. ಆದ್ದರಿಂದ 75ಕ್ಕೇ ಕಾಲು ತೆಗೆಯಿರಿ. ಗವರ್ನರಿನ ಸೀಲ್ ಮಾತ್ರ ಯಾರಿಂದಲೂ ಬಿಚ್ಚಿಸಬೇಡಿ.

ಎಫ್‌ಸಿಗೆ ಹೋಗುವ ಮುಂಚೆ ಕಂಪನಿ ಪುಸ್ತಕದಲ್ಲಿ ನಿಮ್ಮ ಮಾಡೆಲ್ಲಿಗೆ ಈ ಅಳತೆ ಒಪ್ಪಿಗೆ ಇದೆಯಾ ನೋಡಿ. ಕಂಪನಿ ಕೊಟ್ಟ ವಿವರಕ್ಕಿಂತ ಬೇರೆಯಾಗಿ ಗಾಡಿ ಬದಲಾಯಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಒಪ್ಪಿಗೆಯ ಅಳತೆಯಾದರೆ ಸರ್ವಿಸ್ ಸೆಂಟರಿನಲ್ಲಿ ಸ್ಕ್ಯಾನರ್ ಹಾಕಿ ಟೈರ್ ಅಳತೆ ಬದಲಿಸಲು ಆಗುತ್ತದಾ ಕೇಳಿ. ಎಲ್ಲ ಮೀಟರಿನಲ್ಲೂ ಆ ಸೌಲಭ್ಯ ಇರುವುದಿಲ್ಲ. ಕೇಬಲ್ ಗಾಡಿಯಾದರೆ ಗೇರ್‌ಬಾಕ್ಸಿನಲ್ಲಿ ಕೇಬಲ್ ತಿರುಗಿಸುವ ಸಣ್ಣ ಪಿನಿಯನ್ (ಹಲ್ಲಿನ ಗೇರ್) ಬದಲಿಸುವುದೊಂದೇ ದಾರಿ. 24 ಹಲ್ಲಿನದಿದ್ದರೆ 23 ಹಲ್ಲಿನದು ಹಾಕಿದರೆ ಹೆಚ್ಚುಕಮ್ಮಿ ನಿಮ್ಮ ನೂರಕ್ಕೆ ನಾಲ್ಕು ಸರಿಹೋಗುತ್ತದೆ.

ಪ್ರಶ್ನೆ (ಲಾರಿ ಮಾಲೀಕರು, ಚಿತ್ರದುರ್ಗ):

ಅಣ್ಣಾ, ನಮ್ಮದು 10.00 ಆರ್20 ಟ್ಯೂಬ್ ಟೈರ್. ಟ್ಯೂಬ್‌ಲೆಸ್ 295/80 ಆರ್22.5 ಮಾಡಿಸೋಣ ಅಂತ. ಡಿಸ್ಕೇ ದೊಡ್ಡದಲ್ವಾ, ಮೀಟರ್ ಪೂರಾ ಕೆಡುತ್ತದಾ? ಹಿಂದೆ ಎರಡು ರೀಸೋಲ್ (ಸವೆದ ಮೇಲೆ ಹೊಸ ಮೇಲ್ಪದರ ಹಾಕಿಸಿದ) ಟೈರೂ ಇವೆ.

ಉತ್ತರ:

ಡಿಸ್ಕಿನ ಇಂಚು ನೋಡಿ ಹೆದರಬೇಡಿ, ಹೊರಗಿನ ಎತ್ತರ ನೋಡಿ. 10.00 ಆರ್20 ಸುಮಾರು 1054 ಮಿ.ಮೀ., 295/80 ಆರ್22.5 ಸುಮಾರು 1044. ನೂರಕ್ಕೆ ಒಂದರಷ್ಟು ಚಿಕ್ಕದು. ಮೀಟರ್ 80 ಅಂದಾಗ ನೀವು 79ರಲ್ಲಿ ಇರುತ್ತೀರಿ. ಸವೆದ ಟೈರಿಗೂ ಹೊಸ ಟೈರಿಗೂ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಇರುತ್ತದೆ. 9.00 ಆರ್20 ಇದ್ದ ಗಾಡಿಗೆ 10.00 ಹಾಕುವವರು ಮಾತ್ರ ಯೋಚಿಸಬೇಕು, ಅಲ್ಲಿ ನೂರಕ್ಕೆ ಮೂರು ದಾಟುತ್ತದೆ.

ನಿಮ್ಮ ರೀಸೋಲ್ ಟೈರಿನ ಬಗ್ಗೆ ಮೀಟರಿಗಿಂತ ದೊಡ್ಡ ಮಾತು ಇದೆ. ಹಿಂದಿನ ಜೋಡಿಯಲ್ಲಿ ಒಂದು ಹೊಸದು, ಒಂದು ರೀಸೋಲ್ ಕಟ್ಟಿದ್ದೀರಾ? ನಿಮ್ಮ ಅಳತೆಯಲ್ಲಿ ಜೋಡಿ ಟೈರ್‌ಗಳ ಎತ್ತರದ ವ್ಯತ್ಯಾಸ 12 ಮಿ.ಮೀ. ದಾಟಬಾರದು. ದಾಟಿದರೆ ಎತ್ತರದ್ದು ಭಾರವೆಲ್ಲ ಹೊತ್ತು ಬಿಸಿಯಾಗುತ್ತದೆ, ಗಿಡ್ಡದ್ದು ರಸ್ತೆಗೆ ಉಜ್ಜಿ ಸವೆಯುತ್ತದೆ. ಜೋಡಿಯ ಮೇಲೆ ಉದ್ದನೆಯ ನೇರ ಪಟ್ಟಿ ಇಟ್ಟು ನೋಡಿ, ಕಣ್ಣಿಗೇ ಕಾಣುತ್ತದೆ.

ಪ್ರಶ್ನೆ (ಡ್ರೈವರ್, ಹಾಸನ): ಗಾಳಿ ಕಮ್ಮಿಯಾದರೆ ಮೀಟರ್ ಬದಲಾಗುತ್ತದಾ? ಮುಂದಿನ ಟೈರ್ ಮಾತ್ರ ಬದಲಿಸಿದರೆ?

ಉತ್ತರ: ರೇಡಿಯಲ್‌ನಲ್ಲಿ ಒಳಗೆ ಉಕ್ಕಿನ ಪಟ್ಟಿ ಇರುವುದರಿಂದ ಸುತ್ತಳತೆ ಅಷ್ಟಾಗಿ ಬದಲಾಗುವುದಿಲ್ಲ. ನೈಲಾನ್ ಟೈರಿನಲ್ಲಿ ಸ್ವಲ್ಪ ಜಾಸ್ತಿ. ಗೇರ್‌ಬಾಕ್ಸಿನಿಂದ ಎಣಿಸುವ ಲಾರಿಯಲ್ಲಿ ಮುಂದಿನ ಟೈರಿಗೂ ಮೀಟರಿಗೂ ಸಂಬಂಧ ಇಲ್ಲ. ಎಳೆಯುವ ಚಕ್ರ ಯಾವುದೋ ಅದರದೇ ಲೆಕ್ಕ.

ಮರುಪ್ರಶ್ನೆ (ಕೋಲಾರದವರು):

ಬಾಡಿಗೆ ಲೆಕ್ಕಕ್ಕೆ ಗಟ್ಟಿಯಾದ ಒಂದು ನಂಬರ್ ಬೇಕು ಸರ್. ಹೇಗೆ ತೆಗೆಯೋದು?

ಉತ್ತರ:

ಲೋಡ್ ಇರುವಾಗ, ಸರಿಯಾದ ಗಾಳಿ ಹಾಕಿ, ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ನಿಲ್ಲಿಸಿ. ಹಿಂದಿನ ಟೈರ್ ನೆಲಕ್ಕೆ ತಾಗುವ ಜಾಗದಲ್ಲಿ ಟೈರಿಗೂ ನೆಲಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಗೆರೆ ಮತ್ತೆ ಕೆಳಗೆ ಬರುವ ತನಕ ನೇರವಾಗಿ ತಳ್ಳಿ, ನೆಲದಲ್ಲಿ ಇನ್ನೊಂದು ಗೆರೆ ಹಾಕಿ, ಟೇಪಿನಲ್ಲಿ ಅಳೆಯಿರಿ. ಆಮೇಲೆ ಕಂಪನಿ ಅಳತೆಯ ಹೊಸ ಸ್ಟೆಪ್ನಿ ಕಟ್ಟಿ ಇದನ್ನೇ ಮಾಡಿ. ಭಾರಕ್ಕೆ ಟೈರ್ ಅದುಮಿರುವುದರಿಂದ, ಎತ್ತರ ಗುಣಿಸಿ ಬರೆದ ಲೆಕ್ಕಕ್ಕಿಂತ ಇದೇ ನಂಬಿಕೆಯದ್ದು.

ಕೋಲಾರದವರು:

ಅಳೆದೆ ಸರ್. ಹೊಸದು 2 ಮೀಟರ್ 23 ಸೆಂಟಿಮೀಟರ್. ಸ್ಟೆಪ್ನಿ 2 ಮೀಟರ್ 14.

ಉತ್ತರ:

223ನ್ನು 214ರಿಂದ ಭಾಗಿಸಿದರೆ 1.042. ಟೈರ್ ಹಾಕಿಸಿದ ದಿನದ ಮೀಟರ್ ರೀಡಿಂಗ್ ಬಿಲ್ಲಿನ ಹಿಂದೆ ಬರೆದಿಡಿ. ಅಲ್ಲಿಂದ ಮುಂದೆ ಮೀಟರಿನಲ್ಲಿ ಏರಿದ್ದನ್ನೆಲ್ಲ 1.042ರಿಂದ ಗುಣಿಸಿ. ನಿಮ್ಮ 64ಕ್ಕೆ 66.7 ಬಂತು ನೋಡಿ, ಮೊದಲು ಹೇಳಿದ 67ರ ಹತ್ತಿರವೇ ಇದೆ. ಮಂಡಿಯವರಿಗೆ ಅಳತೆಯನ್ನೂ ಗುಣಾಕಾರವನ್ನೂ ಮೊದಲೇ ತೋರಿಸಿ ಒಪ್ಪಿಸಿಕೊಳ್ಳಿ, ಆಮೇಲೆ ಜಗಳ ಬೇಡ. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು ಒಂದು ಹತ್ತು ಕಿ.ಮೀ. ಓಡಿಸಿ ತಾಳೆ ನೋಡಿ. ಮೀಟರ್ 9.6 ಏರಿದ್ದರೆ ಲೆಕ್ಕ ಸರಿ.

10,000ಕ್ಕೆ ಮಾಡಿಸುವ ಆಯಿಲ್ ಸರ್ವಿಸನ್ನು ಇನ್ನು ಮೀಟರಿನ 9,600ಕ್ಕೇ ಮಾಡಿಸಿ. ಟೈರ್ ಅರ್ಧ ಸವೆದ ಮೇಲೆ ಇನ್ನೊಮ್ಮೆ ಅಳೆಯಿರಿ, 1.042 ಇಳಿದಿರುತ್ತದೆ. ಆ ಚಿಕ್ಕ ಸ್ಟೆಪ್ನಿಯನ್ನು ಹಿಂದೆ ಕಟ್ಟಿದರೆ ಪಂಚರ್ ಅಂಗಡಿ ತನಕ ಮಾತ್ರ ಓಡಿಸಿ. ಎಡ ಬಲ ಬೇರೆ ಬೇರೆ ಅಳತೆಯಾದರೆ ಹೌಸಿಂಗ್ ಒಳಗೆ ಎಡ ಬಲ ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಗೇರುಗಳು ನೇರ ರಸ್ತೆಯಲ್ಲೂ ಬಿಡುವಿಲ್ಲದೆ ತಿರುಗುತ್ತವೆ, ಲೋಡಿನಲ್ಲಿ ಬೇಗ ಸವೆಯುತ್ತವೆ.