ಅಪ್‌ಡೇಟ್: ಅಮ್ಮನೊಂದಿಗೆ ಗ್ರೆನಡಾಕ್ಕೆ ಹೋಗಿ ಬಂದೆವು

ಅಮ್ಮನಿಗೆ ಕೆರಿಬಿಯನ್ ದ್ವೀಪವಾದ ಗ್ರೆನಡಾ ಹಿಡಿಸೀತೇ, ಸಸ್ಯಾಹಾರ ಸಿಕ್ಕೀತೇ ಎಂದು ಇಲ್ಲಿ ಕೇಳಿದ್ದೆ. ಧೈರ್ಯ ತುಂಬಿದ ಎಲ್ಲರಿಗೂ ಹೃತ್ಪೂರ್ವಕ ಕೃತಜ್ಞತೆಗಳು.

ಸುಮಾರು 3 ಕಿಲೋಮೀಟರ್ ಉದ್ದದ ಗ್ರ್ಯಾಂಡ್ ಆನ್ಸ್ ಕಡಲತೀರದಲ್ಲಿ ಅಲೆಗಳ ಅಬ್ಬರವಿರದಿದ್ದುದರಿಂದ ಅಮ್ಮ ದಿನವೂ ಮೊಣಕಾಲುದ್ದದ ನೀರಿನಲ್ಲಿ ನಿಶ್ಚಿಂತೆಯಿಂದ ನಿಂತಿರುತ್ತಿದ್ದರು.

ಊಟದ ಚಿಂತೆಯೂ ಬಗೆಹರಿಯಿತು. ಅಲ್ಲಿನ ರಾಷ್ಟ್ರೀಯ ಖಾದ್ಯ ‘ಆಯಿಲ್ ಡೌನ್’ ಎಂದರೆ, ನಮ್ಮ ಕರಾವಳಿಯವರು ಜೀಗುಜ್ಜೆ ಎನ್ನುವ ಕಾಯಿಯನ್ನೇ ಅರಿಸಿನ, ಸೊಪ್ಪು, ತೆಂಗಿನ ಹಾಲು ಹಾಕಿ, ಹಾಲೆಲ್ಲ ಇಂಗಿ ತಳದಲ್ಲಿ ಎಣ್ಣೆ ಬಿಡುವವರೆಗೆ ಬೇಯಿಸುವುದು. ಸಾಮಾನ್ಯವಾಗಿ ಅದಕ್ಕೆ ಉಪ್ಪುಮಾಂಸ ಸೇರಿಸುತ್ತಾರಾದ್ದರಿಂದ, ನಾವು ತಂಗಿದ್ದ ಮನೆಯೊಡತಿಗೆ ಹಿಂದಿನ ದಿನವೇ ತಿಳಿಸಿ ಮಾಂಸವಿಲ್ಲದೆ ಮಾಡಿಸಿಕೊಂಡೆವು. ಅಮ್ಮ ಎರಡು ಸಲ ಬಡಿಸಿಕೊಂಡರು.

ಖರೀದಿಗೆ ರಾಜಧಾನಿ ಸೇಂಟ್ ಜಾರ್ಜಸ್‌ನ ಮಾರುಕಟ್ಟೆ ಚೌಕವೇ ಸಾಕು. ಜಾಯಿಕಾಯಿ ಆ ದೇಶದ ಧ್ವಜದ ಮೇಲೂ ಇದೆ. ಮಾರುವಾಕೆ ಹಳದಿ ಹಣ್ಣನ್ನು ಇಬ್ಭಾಗ ಮಾಡಿ, ಕಂದು ಬೀಜಕ್ಕೆ ಬಲೆಯಂತೆ ಅಂಟಿಕೊಂಡಿದ್ದ ಕೆಂಪು ಜಾಪತ್ರೆಯನ್ನು ಬಿಡಿಸಿ ಅಮ್ಮನ ಅಂಗೈಗಿಟ್ಟಳು. ಒಂದು ಅಮೆರಿಕನ್ ಡಾಲರಿಗೆ 2.70 ಪೂರ್ವ ಕೆರಿಬಿಯನ್ ಡಾಲರ್ ಎಂಬ ದರ 1976ರಿಂದಲೂ ಸ್ಥಿರವಾಗಿರುವುದರಿಂದ ಲೆಕ್ಕಕ್ಕೆ ತೊಡಕಿಲ್ಲ. ಆದರೂ ಅಲ್ಲಿನ ಚಿಲ್ಲರೆ ನೋಟುಗಳನ್ನು ಮೊದಲೇ ಇಟ್ಟುಕೊಳ್ಳಿ.